ನಿಂತ ಚಿತ್ರ, ಓಡುವ ಚಿತ್ರ

2025ರ ದಸರಾ ರಜೆಗೆ ಅಕ್ಕನ ಮಗ ತೆರಕಣಾಂಬಿಯ ನಮ್ಮ ಮನೆಗೆ ಬಂದಿದ್ದ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಹುಡುಗ. ಹಗಲು ರಾತ್ರಿ ಅವನು ಮೊಬೈಲಿನಲ್ಲಿ ನೋಡುತ್ತಿದ್ದುದು ಜಪಾನಿನ ಕಾರ್ಟೂನುಗಳನ್ನು. ಹಾಗೆ ಕರೆದರೆ ಅವನಿಗೆ ಸಿಟ್ಟು. 'ಕಾರ್ಟೂನ್ ಅಲ್ಲ ಮಾವ, ಅನಿಮೆ ಅನ್ನಿ' ಎಂದು ತಿದ್ದುತ್ತಿದ್ದ. ನಾನೂ ಬಿಡಲಿಲ್ಲ. 'ನಿಮ್ಮ ಅನಿಮೇನ ನಾವು ಮೂವತ್ತು ವರ್ಷದ ಹಿಂದೇನೇ ನೋಡಿದ್ದೀವಿ. ಆ ಕಾಡು, ಆ ಬಣ್ಣ ಈಗಿನವರ ಕೈಲಿ ಆಗಲ್ಲ' ಎಂದೆ. ನಾನು ಹೇಳಿದ್ದು ದೂರದರ್ಶನದಲ್ಲಿ 1993ರಲ್ಲಿ ಭಾನುವಾರ ಬರುತ್ತಿದ್ದ 'ಜಂಗಲ್ ಬುಕ್' ಬಗ್ಗೆ. ಹುಡುಗ ಎರಡೇ ನಿಮಿಷದಲ್ಲಿ ಅದನ್ನು ಮೊಬೈಲಿನಲ್ಲಿ ಹುಡುಕಿ ತೆಗೆದು ನನ್ನ ಮುಂದಿಟ್ಟ. ಸ್ವಲ್ಪ ಹೊತ್ತು ನೋಡಿ, 'ಮಾವ, ಇದು ಅಲ್ಲಾಡೋದೇ ಇಲ್ವಲ್ಲ!' ಎಂದು ನಕ್ಕ.

ಅವನ ಮಾತನ್ನು ಅಲ್ಲಗಳೆಯುವಂತಿರಲಿಲ್ಲ. ಪಾತ್ರಗಳು ಮಾತಾಡುವಾಗ ಬಾಯಿ ಮಾತ್ರ ಆಡುತ್ತದೆ, ಮೈ ನಿಂತೇ ಇರುತ್ತದೆ. ತೋಳಗಳು ಓಡುವ ಅದೇ ನಾಲ್ಕಾರು ಚಿತ್ರಗಳು ಮತ್ತೆ ಮತ್ತೆ ಬರುತ್ತವೆ. ನನಗೆ ಅದಕ್ಕಿಂತ ಹೆಚ್ಚು ನಾಚಿಕೆಯಾದದ್ದು ಇನ್ನೊಂದು ಕಾರಣಕ್ಕೆ. ಆ ಕಾಲದಲ್ಲಿ ನಾವು ಕೇರಿಯ ಹುಡುಗರೆಲ್ಲ ಸೇರಿ ಮೌಗ್ಲಿಯನ್ನು ನೋಡಿದ್ದು ಕಪ್ಪು ಬಿಳುಪು ಟೀವಿಯಲ್ಲಿ. ಒಬ್ಬ ಮಾಡಿನ ಮೇಲೆ ಹತ್ತಿ ಆಂಟೆನಾ ತಿರುಗಿಸಬೇಕು, ಉಳಿದವರು ಕೆಳಗಿನಿಂದ 'ಬಂತು, ಹೋಯ್ತು' ಎಂದು ಕೂಗಬೇಕು. ಯಾವ ಬಣ್ಣವನ್ನು ನಾನು ಅಷ್ಟು ಹೊಗಳಿದೆನೋ ಆ ಬಣ್ಣವನ್ನು ಕಣ್ಣಾರೆ ಕಂಡದ್ದು ಈಗಲೇ, ಅಳಿಯನ ಮೊಬೈಲಿನಲ್ಲಿ.

ಹಳೆಯದು ಚಿನ್ನ, ಹೊಸದು ತಗಡು ಎಂಬ ಮಾತು ಎಲ್ಲ ಕಲೆಗಳ ವಿಷಯದಲ್ಲೂ ಕೇಳಿಬರುತ್ತದೆ. ಅದರಲ್ಲಿ ಅರ್ಧ ಪಾಲು ನಮ್ಮ ಬಾಲ್ಯದ ಮೇಲಿನ ಮಮತೆ. ನೆನಪು ತಾನೇ ಬಣ್ಣ ಬಳಿದು ಅದನ್ನು ಕಲಾವಿದನ ಲೆಕ್ಕಕ್ಕೆ ಬರೆಯುತ್ತದೆ. ಈ ಅರ್ಧವನ್ನು ಕಳೆದ ಮೇಲೂ ಏನಾದರೂ ಉಳಿಯುತ್ತದೆಯೆ? ಉಳಿಯುತ್ತದೆ ಎಂದು ನನಗೆ ಅನಿಸುತ್ತದೆ. ಅದು ಗೆರೆಯಲ್ಲೂ ಇಲ್ಲ, ಬಣ್ಣದಲ್ಲೂ ಇಲ್ಲ. ಅದು ಇರುವುದು ಚಿತ್ರ ನೋಡುಗನಿಗೆ ಕೊಡುವ ಹೊತ್ತಿನಲ್ಲಿ.

ಮೊದಲು ಮೌಗ್ಲಿಯ ವಿಷಯವನ್ನೇ ನೋಡೋಣ. ಕಿಪ್ಲಿಂಗ್ ಬರೆದದ್ದು ಮಧ್ಯಪ್ರದೇಶದ ಸಿವನಿ ಕಾಡಿನ ಕಥೆ. ತೆರಕಣಾಂಬಿಯ ಹುಡುಗರಾದ ನಮಗೆ ಅದು ಬಂಡೀಪುರವೇ ಆಗಿತ್ತು. ಗುಂಡ್ಲುಪೇಟೆ ದಾಟಿದರೆ ಸಿಗುವ ಕಾಡಿನಲ್ಲಿ ಶೇರ್ ಖಾನ್ ಇದ್ದಾನೆ ಎಂದು ನಂಬಿದ್ದೆವು. ಈ ನಂಬಿಕೆ ಪೂರ್ತಿ ಆಧಾರವಿಲ್ಲದ್ದೇನೂ ಅಲ್ಲವೆಂದು ತಿಳಿದದ್ದು ಬಹಳ ವರ್ಷಗಳ ಮೇಲೆ. ಹಾಲಿವುಡ್ಡಿನ 1942ರ 'ಜಂಗಲ್ ಬುಕ್' ಸಿನಿಮಾದಲ್ಲಿ ಮೌಗ್ಲಿಯಾದವನು ಸಾಬು. ಹೆಗ್ಗಡದೇವನಕೋಟೆ ಸೀಮೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮುಸ್ಲಿಂ ಮಾವುತನ ಮಗ. ರಾಬರ್ಟ್ ಫ್ಲಾಹರ್ಟಿ ಅವನನ್ನು ಕಂಡು 1937ರ 'ಎಲಿಫೆಂಟ್ ಬಾಯ್' ಚಿತ್ರದಲ್ಲಿ ಪಾತ್ರ ಕೊಟ್ಟ ಮೇಲೆ ಅವನು ಪರದೇಶದ ನಟನಾದ. ಕಾರಾಪುರದ ಕಾಡು ಮತ್ತು ನಮ್ಮ ಬಂಡೀಪುರ ಕಬಿನಿಯ ಆಚೆ ಈಚೆ ಇರುವ ಒಂದೇ ಕಾಡು. ಆ ಸಿನಿಮಾದಲ್ಲಿ ಹುಡುಗ ನಮ್ಮವನು, ಕಾಡು ಮಾತ್ರ ಅಮೆರಿಕದಲ್ಲಿ ಹೂಡಿದ್ದು.

ನಾವು ಟೀವಿಯಲ್ಲಿ ಕಂಡ ಮೌಗ್ಲಿಯಲ್ಲಿ ಹುಡುಗನೂ ಕಾಡೂ ಎರಡೂ ಜಪಾನಿನವು. ನಿಪ್ಪಾನ್ ಆನಿಮೇಶನ್ ಸಂಸ್ಥೆ 1989-90ರಲ್ಲಿ ಮಾಡಿದ 52 ಕಂತುಗಳ ಸರಣಿ ಅದು. ನಿರ್ದೇಶಕ ಫುಮಿಯೊ ಕುರೊಕಾವಾ. ಹಿಂದಿಯಲ್ಲಿ ಅದಕ್ಕೆ ಗುಲ್ಜಾರ್ ಹಾಡು ಬರೆದರು, ವಿಶಾಲ್ ಭಾರದ್ವಾಜ್ ಸಂಗೀತ ಕೊಟ್ಟರು, ನಾನಾ ಪಾಟೇಕರ್ ಶೇರ್ ಖಾನನಿಗೆ ದನಿಯಾದರು. ಜಪಾನಿನವರು ಮೌಗ್ಲಿಯ ಜೊತೆಗೆ ಕಿಚಿ ಎಂಬ ಕೆಂಪು ಪಾಂಡಾವನ್ನು ಕೊಟ್ಟರು. ಕೆಂಪು ಪಾಂಡಾ ಹಿಮಾಲಯದ ಪ್ರಾಣಿ. ಸಿವನಿಯಲ್ಲೂ ಇಲ್ಲ, ಬಂಡೀಪುರದಲ್ಲೂ ಇಲ್ಲ. ಅಂದರೆ ಆ ಸರಣಿ ನಮ್ಮನ್ನು ಹಿಡಿದಿಟ್ಟದ್ದು ಕಾಡನ್ನು ಇದ್ದಂತೆ ಬರೆದುದರಿಂದ ಅಲ್ಲ. ಮಳೆ ಬಂದರೆ ಮಳೆಯನ್ನೇ ಸ್ವಲ್ಪ ಹೊತ್ತು ತೋರಿಸುತ್ತಿದ್ದರು. ಮೌಗ್ಲಿ ಮರದ ಮೇಲೆ ಕೂತು ಏನೋ ಯೋಚಿಸುತ್ತಿದ್ದರೆ ಅವನು ಯೋಚಿಸಿ ಮುಗಿಸುವವರೆಗೆ ಕಥೆ ಕಾಯುತ್ತಿತ್ತು. ಮುದಿ ತೋಳ ಅಕೇಲನಿಗೆ ವಯಸ್ಸಾಗುತ್ತಿದೆ ಎಂಬುದನ್ನು ಯಾರೂ ಒಂದೇ ಮಾತಿನಲ್ಲಿ ಹೇಳಿ ಮುಗಿಸಲಿಲ್ಲ, ವಾರ ವಾರವೂ ನಾವೇ ನೋಡಿ ತಿಳಿದೆವು.

ಈ ನಿಧಾನಕ್ಕೆ ಮೂಲ ಯಾವುದು? ಒಂದು ಮಟ್ಟಿಗೆ ಬಡತನ. ಇದನ್ನು ಮರೆತು ಹಳೆಯ ಅನಿಮೆಯನ್ನು ಹೊಗಳಬಾರದು. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಚಲನೆ ನಯವಾಗಿರಬೇಕಾದರೆ ಸೆಕೆಂಡಿಗೆ 12 ಅಥವಾ 24 ಚಿತ್ರ ಬರೆಯಬೇಕು. ಒಸಾಮು ತೆಜುಕಾ 1963ರ ಜನವರಿ 1ರಂದು ಜಪಾನಿನ ಟೀವಿಯಲ್ಲಿ 'ಆಸ್ಟ್ರೋ ಬಾಯ್' ಆರಂಭಿಸಿದಾಗ ವಾರಕ್ಕೊಂದು ಕಂತು ಕೊಡಬೇಕಿತ್ತು, ಕೈಯಲ್ಲಿ ದುಡ್ಡಿರಲಿಲ್ಲ. ಒಂದೊಂದು ಚಿತ್ರವನ್ನು ಮೂರು ಚೌಕಟ್ಟು ನಿಲ್ಲಿಸಿ ಸೆಕೆಂಡಿಗೆ 8 ಚಿತ್ರಗಳಲ್ಲಿ ಕೆಲಸ ಮುಗಿಸುವುದು, ಬಾಯಿ ಮಾತ್ರ ಆಡಿಸುವುದು, ಒಮ್ಮೆ ಬರೆದದ್ದನ್ನು ಮತ್ತೆ ಬಳಸುವುದು, ಹೀಗೆ ಹಲವು ಉಪಾಯಗಳನ್ನು ಅವರ ತಂಡ ಕಂಡುಕೊಂಡಿತು. ಮುಂದೆ ಅದೇ ಪದ್ಧತಿಯಾಯಿತು. ಅಳಿಯ ನಕ್ಕದ್ದು ಈ ಉಪಾಯಗಳನ್ನು ಕಂಡು.

ಆದರೆ ಕೊರತೆಯನ್ನೇ ಗುಣವಾಗಿಸಿಕೊಂಡವರು ಇದ್ದರು. ಇಸಾವೊ ತಾಕಾಹಾತಾ 1974ರಲ್ಲಿ 'ಹೈದಿ' ಎಂಬ 52 ಕಂತುಗಳ ಸರಣಿ ಮಾಡಿದರು. ದೃಶ್ಯಗಳ ವಿನ್ಯಾಸ ಹಯಾವೊ ಮಿಯಾಜಾಕಿಯವರದು. ಅದಕ್ಕಾಗಿ ಅವರೆಲ್ಲ ಸ್ವಿಟ್ಜರ್ಲೆಂಡಿಗೆ ಹೋಗಿ ಬೆಟ್ಟ, ಹುಲ್ಲು, ಮನೆಗಳನ್ನು ನೋಡಿ ಬಂದರು. ಒಂದು ಅನಾಥ ಹುಡುಗಿ ಅಜ್ಜನ ಮನೆಯಲ್ಲಿ ರೊಟ್ಟಿ ತಿನ್ನುವುದು, ಆಡು ಕಾಯುವುದು, ಹುಲ್ಲಿನ ಮೇಲೆ ಮಲಗುವುದು, ಇಷ್ಟೇ ಅದರ ಸಾಹಸ. ಓಡಿಸಲು ಚಿತ್ರಗಳಿಲ್ಲದಾಗ ನಿಂತ ಚಿತ್ರದಲ್ಲಿ ಏನಿರಬೇಕು ಎಂದು ಅವರು ಯೋಚಿಸಿದರು. ನಮ್ಮ ಸೀಮೆಯ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಮಂಟೇಸ್ವಾಮಿ ಕಥೆ ಹಾಡುವುದನ್ನು ಕೇಳಿದವರಿಗೆ ಈ ಮಾತು ಬೇಗ ಅರ್ಥವಾದೀತು. ಅಲ್ಲಿ ರಂಗವಿಲ್ಲ, ಬೆಳಕಿಲ್ಲ. ಒಂದೇ ಸೊಲ್ಲು ಹತ್ತು ಸಲ ಮರಳಿ ಬರುತ್ತದೆ. ಆ ಮರುಕಳಿಕೆಯಲ್ಲಿ ಹಾಡುವವನಿಗೆ ಉಸಿರು ಸಿಗುತ್ತದೆ, ಕೇಳುವವನಿಗೆ ಕಥೆಯೊಳಗೆ ಬಂದು ಕೂರಲು ಜಾಗ ಸಿಗುತ್ತದೆ. ಮಿಯಾಜಾಕಿ ಈ ಜಾಗಕ್ಕೆ ಜಪಾನಿಯಲ್ಲಿ 'ಮಾ' ಎನ್ನುತ್ತಾರೆ ಎಂದು ಒಮ್ಮೆ ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್‌ಗೆ ವಿವರಿಸಿದ್ದರು. ಚಪ್ಪಾಳೆ ತಟ್ಟಿ ತೋರಿಸಿ, ಎರಡು ಚಪ್ಪಾಳೆಗಳ ನಡುವಿನ ಬಿಡುವೇ ಅದು ಎಂದರಂತೆ.

ಹಳೆಯದರಲ್ಲಿ ಕಸ ಇರಲಿಲ್ಲ ಎಂದಲ್ಲ. ಎಪ್ಪತ್ತರ ದಶಕದ ಎಷ್ಟೋ ರೋಬಾಟ್ ಸರಣಿಗಳು ಆಟಿಕೆ ಮಾರುವ ಜಾಹೀರಾತುಗಳಂತೆಯೇ ಇದ್ದವು. ಕಾಲ ಅವನ್ನು ಜರಡಿ ಹಿಡಿದು ತೂರಿತು. ನಮಗೆ ಉಳಿದು ಬಂದದ್ದು ಗಟ್ಟಿ ಕಾಳು. ಹಳೆಯ ಕಾಲದ ಕಾಳನ್ನೂ ಹೊಸ ಕಾಲದ ಕಾಳು ಜೊಳ್ಳು ಎರಡನ್ನೂ ಎದುರೆದುರು ಇಟ್ಟು ತೂಗುವುದು ನ್ಯಾಯದ ತಕ್ಕಡಿಯಲ್ಲ.

ಹೊಸ ಅನಿಮೆಯ ಶಕ್ತಿ ಸಾಮಾನ್ಯವಾದುದಲ್ಲ. ಮೊದಲು ಪಾರದರ್ಶಕ ಹಾಳೆಯ ಮೇಲೆ ಕೈಯಿಂದ ಬಣ್ಣ ಹಚ್ಚಿ, ಹಿನ್ನೆಲೆಯ ಚಿತ್ರದ ಮೇಲಿಟ್ಟು, ಒಂದೊಂದಾಗಿ ಕ್ಯಾಮೆರಾದಲ್ಲಿ ಹಿಡಿಯುತ್ತಿದ್ದರು. ತೊಂಬತ್ತರ ದಶಕದ ಕೊನೆಯಿಂದ ಬಣ್ಣದ ಕೆಲಸ ಕಂಪ್ಯೂಟರಿಗೆ ಬಂತು. 1969ರಿಂದ ನಡೆದು ಬಂದಿರುವ 'ಸಜಾಯೆ-ಸಾನ್' ಸರಣಿ 2013ರಲ್ಲಿ ಆ ಹಾಳೆಗಳನ್ನು ಬಿಟ್ಟಿತು. ಅಳಿಯ ಹುಚ್ಚು ಹಿಡಿದವನಂತೆ ನೋಡುವ 'ಡೀಮನ್ ಸ್ಲೇಯರ್' 2019ರಲ್ಲಿ ಆರಂಭವಾದದ್ದು. ಅದರ ನಾಯಕ ಕತ್ತಿ ಬೀಸಿದಾಗ ಹಳೆಯ ಜಪಾನಿ ಮರದಚ್ಚಿನ ಚಿತ್ರಗಳಂಥ ಅಲೆಗಳು ಏಳುತ್ತವೆ. ಕ್ಯಾಮೆರಾ ಆ ಅಲೆಯ ಜೊತೆ ಸುತ್ತುತ್ತದೆ. ಇದನ್ನು ಬರೀ ಯಂತ್ರದ ಚಮತ್ಕಾರ ಎಂದು ತಳ್ಳಿಹಾಕುವುದು ಸರಿಯಲ್ಲ, ಅದರ ಹಿಂದೆ ಕೈ ಬಲ್ಲ ಚಿತ್ರಗಾರರಿದ್ದಾರೆ.

ನನಗೆ ತೊಡಕಾಗುವುದು ಬೇರೆ ಕಡೆ. ಅದರ ನಾಯಕ ಓಡುತ್ತಲೇ ತಾನು ಓಡುತ್ತಿದ್ದೇನೆಂದು ಹೇಳುತ್ತಾನೆ, ದುಃಖಪಡುತ್ತಲೇ ದುಃಖದ ಕಾರಣ ವಿವರಿಸುತ್ತಾನೆ. ಚಿತ್ರ ಆಗಲೇ ಹೇಳಿ ಮುಗಿಸಿದ್ದನ್ನು ಮಾತು ಮತ್ತೆ ಹೇಳುತ್ತದೆ. ನೋಡುಗನಿಗೆ ತಿಳಿಯದೆ ಹೋದೀತು, ತಿಳಿಯದಿದ್ದರೆ ಎದ್ದು ಹೋದಾನು ಎಂಬ ಭಯ ಅಲ್ಲಿದೆ. ದೂರದರ್ಶನದ ಕಾಲದಲ್ಲಿ ಮೌಗ್ಲಿಗೆ ಈ ಭಯ ಇರಲಿಲ್ಲ, ಏಕೆಂದರೆ ನಮಗೆ ಬೇರೆ ಚಾನೆಲ್ಲೇ ಇರಲಿಲ್ಲ! ಇಂದಿನ ಚಿತ್ರಗಾರ ಬರೆಯುವುದು ಬೆರಳ ತುದಿಯಲ್ಲಿ ಸಾವಿರ ಚಿತ್ರ ಇಟ್ಟುಕೊಂಡವನಿಗಾಗಿ. ಅವಸರ ಅವನ ಸ್ವಭಾವ ಅನ್ನುವುದಕ್ಕಿಂತ ಅವನ ಮಾರುಕಟ್ಟೆಯ ಸ್ವಭಾವ.

ಈ ವ್ಯತ್ಯಾಸ ನನಗೆ ಸ್ಪಷ್ಟವಾದದ್ದು ಮಿಯಾಜಾಕಿಯವರ 1997ರ 'ಪ್ರಿನ್ಸೆಸ್ ಮೊನೊನೊಕೆ' ನೋಡಿದಾಗ. ಇದು ಎರಡು ಕಾಲಗಳ ಗಡಿಯಲ್ಲಿ ನಿಂತ ಚಿತ್ರ. ಸುಮಾರು 1,44,000 ಹಾಳೆಗಳನ್ನು ಬಳಸಿದ್ದಾರೆ, ಕೆಲವು ಕಡೆ ಕಂಪ್ಯೂಟರಿನ ನೆರವನ್ನೂ ಪಡೆದಿದ್ದಾರೆ. ಕಥೆ ಒಂದು ಕಾಡಿನದು, ಅದರ ಅಂಚಿನಲ್ಲಿ ಕಬ್ಬಿಣ ಕರಗಿಸುವ ಊರಿನದು. ಕಬ್ಬಿಣದ ಗುಂಡು ಹೊಕ್ಕ ಹಂದಿದೇವರೊಂದು ಹುಚ್ಚಾಗಿ ಬಂದು ಅಶಿತಾಕ ಎಂಬ ಯುವಕನ ತೋಳಿಗೆ ಶಾಪದ ಗಾಯ ಮಾಡುತ್ತದೆ. ಗುಂಡು ಹೊಡೆದವರನ್ನು ಹುಡುಕಿ ಹೊರಟವನಿಗೆ ಕಾಡು ಕಡಿಸುತ್ತಿರುವ ಎಬೋಶಿ ಎಂಬ ಒಡತಿ ಸಿಗುತ್ತಾಳೆ. ಇವಳೇ ಖಳನಾಯಕಿ ಎಂದು ನಾವು ತೀರ್ಮಾನಿಸುವ ಹೊತ್ತಿಗೆ ಚಿತ್ರ ಅವಳ ಊರನ್ನು ತೋರಿಸುತ್ತದೆ. ಸೂಳೆಗೇರಿಗಳಿಂದ ಅವಳು ಬಿಡಿಸಿ ತಂದ ಹೆಂಗಸರು ಅಲ್ಲಿ ತಿದಿ ತುಳಿಯುತ್ತ ನಗುತ್ತಿದ್ದಾರೆ. ಊರುಗಳು ಹೊರದಬ್ಬಿದ ಕುಷ್ಠರೋಗಿಗಳ ಹುಣ್ಣಿಗೆ ಅವಳೇ ಬಟ್ಟೆ ಕಟ್ಟಿದ್ದಾಳೆ. ಇತ್ತ ತೋಳಗಳು ಸಾಕಿದ ಹುಡುಗಿ ಸಾನ್ ಇದ್ದಾಳೆ. ಹೆಣ್ಣು ಮೌಗ್ಲಿ ಎನ್ನಬಹುದು. ಅವಳಿಗೆ ಮನುಷ್ಯರ ಮೇಲೆ ಇರುವ ದ್ವೇಷಕ್ಕೂ ಕಾರಣವಿದೆ.

ಕಾಡಂಚಿನಲ್ಲಿ ಬದುಕುವ ಗುಂಡ್ಲುಪೇಟೆ ತಾಲೂಕಿನವರಿಗೆ ಇದು ದೂರದ ಕಥೆಯಲ್ಲ. ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿತು. 2009ರಿಂದ ಅಲ್ಲಿನ ಹೆದ್ದಾರಿಯಲ್ಲಿ ರಾತ್ರಿ ವಾಹನ ಓಡಾಟಕ್ಕೆ ನಿಷೇಧವಿದೆ. ನಮ್ಮ ಕಡೆಯ ತರಕಾರಿ ಕೇರಳಕ್ಕೆ ಹೋಗುವುದು ಈ ಕಾಡು ದಾಟಿ. ಆನೆ ತುಳಿದ ಬಾಳೆ ತೋಟದ ರೈತನಿಗೆ ಒಂದು ನ್ಯಾಯ, ರಸ್ತೆ ದಾಟುವ ಜಿಂಕೆಗೆ ಒಂದು ನ್ಯಾಯ, ಕಾಡಿನಿಂದ ಹೊರಬಂದು ಹಾಡಿಗಳಲ್ಲಿರುವ ಸೋಲಿಗರಿಗೆ, ಜೇನು ಕುರುಬರಿಗೆ ಇನ್ನೊಂದು ನ್ಯಾಯ. ಎಲ್ಲವೂ ನ್ಯಾಯವೇ, ಒಂದಕ್ಕೊಂದು ಹೊಂದುವುದಿಲ್ಲ. ಮಿಯಾಜಾಕಿ ಇದನ್ನು ಬಗೆಹರಿಸುವ ನಾಟಕ ಮಾಡುವುದಿಲ್ಲ. ಕೊನೆಯಲ್ಲಿ ಸುಟ್ಟ ಬೆಟ್ಟ ಮತ್ತೆ ಹಸಿರಾಗುತ್ತದೆ, ಹಳೆಯ ಕಾಡು ಮಾತ್ರ ಮರಳುವುದಿಲ್ಲ. ಸಾನ್ ಕಾಡಿಗೆ ಹೋಗುತ್ತಾಳೆ, ಅಶಿತಾಕ ಊರಿನಲ್ಲಿ ಉಳಿಯುತ್ತಾನೆ. ಬಂದು ಹೋಗಿ ಮಾಡೋಣ ಎಂಬಷ್ಟೇ ಒಪ್ಪಂದ. ಯುದ್ಧ, ರಕ್ತ, ಓಟ ಈ ಚಿತ್ರದಲ್ಲಿ ಬೇಕಾದಷ್ಟಿವೆ. ಆದರೂ ಕಾಡಿನ ಕೊಳದ ಬಳಿ ಯಾರೂ ಮಾತಾಡದ ನಿಮಿಷಗಳಿವೆ. ಯಾರ ಪರ ನಿಲ್ಲಬೇಕೆಂದು ತಿಳಿಯದೆ ನಾವು ತಡವರಿಸುವುದು ಆ ನಿಮಿಷಗಳಲ್ಲಿ. ಅಂಥ ತಡವರಿಕೆಗೆ ಎಡೆ ಕೊಡುವುದೇ ಗುಣಮಟ್ಟ ಎಂದು ನನ್ನ ತಿಳಿವಳಿಕೆ. 'ಡೀಮನ್ ಸ್ಲೇಯರ್' ಕೂಡ ಸಾಯುವ ರಾಕ್ಷಸನಿಗೆ ಒಂದು ಹಳೆಯ ಮನುಷ್ಯಕಥೆ ಕೊಡುತ್ತದೆ, ಅದು ಅದರ ದೊಡ್ಡತನ. ಆದರೆ ಆ ಕಥೆ ಬರುವುದು ಸಾಮಾನ್ಯವಾಗಿ ತಲೆ ಹಾರುವ ಹೊತ್ತಿಗೆ. ಕನಿಕರ ಹುಟ್ಟುತ್ತದೆ, ತೀರ್ಪು ಬದಲಾಗುವುದಿಲ್ಲ.

ಹಾಗಾದರೆ ನಿಧಾನ ಹಳಬರ ಸ್ವತ್ತೆ? ಇಲ್ಲ. ಇದನ್ನು ನನಗೆ ತೋರಿಸಿಕೊಟ್ಟವನು ಅಳಿಯನೇ. ವಾದದಲ್ಲಿ ಸೋಲಬಾರದೆಂದು 'ಫ್ರೀರೆನ್' ಎಂಬ ಸರಣಿ ಹಾಕಿದ. 2023ರ ಸೆಪ್ಟೆಂಬರಿನಿಂದ 2024ರ ಮಾರ್ಚಿಯವರೆಗೆ ಮೊದಲ 28 ಕಂತುಗಳು ಬಂದಿವೆ. ರಾಕ್ಷಸರಾಜನನ್ನು ಕೊಂದು ವೀರರು ಊರಿಗೆ ಮರಳುವಲ್ಲಿಂದ ಕಥೆ ಆರಂಭ. ಬೇರೆಯವರು ಮುಗಿಸುವ ಕಡೆ ಇದು ಶುರುವಾಗುತ್ತದೆ. ಸಾವಿರ ವರ್ಷ ಬದುಕುವ ಫ್ರೀರೆನ್‌ಗೆ ಗೆಳೆಯರೊಡನೆ ಕಳೆದ ಹತ್ತು ವರ್ಷ ಲೆಕ್ಕಕ್ಕೇ ಇಲ್ಲ. ಐವತ್ತು ವರ್ಷದ ಮೇಲೆ ಬಂದಾಗ ನಾಯಕ ಮುದುಕನಾಗಿದ್ದಾನೆ, ಸ್ವಲ್ಪದರಲ್ಲೇ ತೀರಿಕೊಳ್ಳುತ್ತಾನೆ. ಅವನನ್ನು ತಾನು ಅರಿತುಕೊಳ್ಳಲೇ ಇಲ್ಲವಲ್ಲ ಎಂದು ಅವಳು ಮಣ್ಣು ಮಾಡುವ ಜಾಗದಲ್ಲಿ ಅಳುತ್ತಾಳೆ. ಉಳಿದ ಕಥೆ ಈ ತಡವಾದ ಅರಿವಿನ ಹಿಂದೆ ನಿಧಾನವಾಗಿ ನಡೆಯುತ್ತದೆ. ಎಲ್ಲ ಹೊಸ ಸಲಕರಣೆಗಳನ್ನು ಇಟ್ಟುಕೊಂಡು ಸುಮ್ಮನಿರಲು ಗೊತ್ತಿರುವ ಚಿತ್ರ ಇದು. ಹಳಬರು ಅರ್ಧ ಅನಿವಾರ್ಯದಿಂದ ನಿಧಾನವಾಗಿದ್ದರು, ಇವರು ಬೇಕೆಂದೇ ನಿಧಾನವಾಗಿದ್ದಾರೆ. ಯಾವುದು ಹೆಚ್ಚು ಕಷ್ಟ ಎಂದು ಓದುಗರೇ ಹೇಳಲಿ.

ಚಿತ್ರದೊಳಗಿನ ಹೊತ್ತಿನ ಬಗ್ಗೆ ಮಾತಾಡುವವರು ಚಿತ್ರ ಬರೆಯುವವರ ಹೊತ್ತಿನ ಬಗ್ಗೆಯೂ ಮಾತಾಡಬೇಕು. ನಮ್ಮಲ್ಲಿ ಬೀಡಿ ಕಟ್ಟುವ ಹೆಂಗಸರಿಗೆ ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ. ಜಪಾನಿನಲ್ಲಿ ನಡುವಿನ ಚಿತ್ರಗಳನ್ನು ಬರೆಯುವ ಕಿರಿಯರಿಗೂ ಬಹುಕಾಲದಿಂದ ಚಿತ್ರಕ್ಕೆ ಇಷ್ಟು ಎಂಬ ಲೆಕ್ಕ. ತೆಜುಕಾ ಕಾಲದ ಅಗ್ಗದ ದರದ ನೆರಳು ಇನ್ನೂ ಹೋಗಿಲ್ಲ ಎನ್ನುವವರಿದ್ದಾರೆ. ಹೊಸ ಚಿತ್ರಗಳು ಇನ್ನಷ್ಟು ಗೆರೆ, ಇನ್ನಷ್ಟು ನಯ ಬೇಡುತ್ತವೆ, ಗಡುವು ಮಾತ್ರ ಹಿಗ್ಗುವುದಿಲ್ಲ. ಕೆಲಸಗಾರರನ್ನು ಸಂಬಳಕ್ಕೆ ಇಟ್ಟುಕೊಂಡು, ಕಲಿಸಿ, ನಿಧಾನವಾಗಿ ಕೆಲಸ ಮಾಡಿಸುತ್ತಿದ್ದ ಸಂಸ್ಥೆ ಎಂದು ಹೆಸರಾದದ್ದು ಕ್ಯೋಟೋ ಆನಿಮೇಶನ್. 2019ರ ಜುಲೈ 18ರಂದು ಒಬ್ಬ ಅಲ್ಲಿಗೆ ಬೆಂಕಿ ಹಚ್ಚಿ 36 ಜನರ ಪ್ರಾಣ ತೆಗೆದ. ಒಂದು ನಿಮಿಷದ ಚಿತ್ರವನ್ನು ನಾವು ಬೆರಳಿನಿಂದ ತಳ್ಳಿ ಮುಂದೆ ಹೋಗುವಾಗ ಅದರಲ್ಲಿ ಎಷ್ಟು ಜನರ ಎಷ್ಟು ದಿನ ಇದೆ ಎಂಬ ನೆನಪಿರಬೇಕು.

ಕೊನೆಯದಾಗಿ ನಮ್ಮದೇ ಒಂದು ಸಂಕಟ. ಹಳೆಯ ಮೌಗ್ಲಿ ನಮಗೆ ಬಂದದ್ದು ಹಿಂದಿಯಲ್ಲಿ. 2025ರ ಜನವರಿ 24ರಂದು ಯೂಗೊ ಸಾಕೊ, ರಾಮ್ ಮೋಹನ್ ಮುಂತಾದವರು ತೊಂಬತ್ತರ ದಶಕದ ಆರಂಭದಲ್ಲಿ ಸೇರಿ ಮಾಡಿದ ಜಪಾನ್-ಭಾರತದ 'ರಾಮಾಯಣ' ಚಿತ್ರಮಂದಿರಕ್ಕೆ ಬಂತು. ಮಾತು ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ಅದೇ ವರ್ಷ ಸೆಪ್ಟೆಂಬರ್ 12ರಂದು 'ಡೀಮನ್ ಸ್ಲೇಯರ್' ಸರಣಿಯ 'ಇನ್ಫಿನಿಟಿ ಕ್ಯಾಸಲ್' ಬಂತು. ಜಪಾನಿಯ ಜೊತೆಗೆ ಮತ್ತೆ ಅವೇ ನಾಲ್ಕು ಭಾಷೆ. ಹಳೆಯ ಅನಿಮೆಗೂ ಹೊಸ ಅನಿಮೆಗೂ ನಡುವೆ ಎಷ್ಟೇ ಅಂತರವಿರಲಿ, ಕನ್ನಡದ ಮಗುವಿನ ಮಟ್ಟಿಗೆ ಎರಡೂ ಒಂದೇ.

ಡಬ್ಬಿಂಗ್ ಬೇಡವೆಂದು ಅರವತ್ತರ ದಶಕದಲ್ಲಿ ಹೋರಾಡಿದವರ ಕಾರಣಗಳು ಸುಳ್ಳಾಗಿರಲಿಲ್ಲ. ಆಗ ಕನ್ನಡ ಚಿತ್ರರಂಗ ನಿಲ್ಲಲು ಕಾಲು ಹುಡುಕುತ್ತಿತ್ತು. ಆದರೆ ಕಾಲು ಬಂದ ಮೇಲೂ ಬೇಲಿ ಉಳಿಯಿತು. ಸ್ಪರ್ಧಾ ಆಯೋಗ 2015ರಲ್ಲಿ ಆ ಬೇಲಿ ಕಾನೂನುಬಾಹಿರ ಎಂದ ಮೇಲೆ ದೊಡ್ಡವರ ಸಿನಿಮಾಗಳು ಕನ್ನಡದ ಮಾತಿನಲ್ಲಿ ಬರತೊಡಗಿದವು. ಮಕ್ಕಳಿಗೆ 2009ರಲ್ಲಿ ಚಿಂಟು ಟೀವಿ ಬಂದಾಗ ಕನ್ನಡದಲ್ಲಿ ಮಾತಾಡುವ ಕಾರ್ಟೂನುಗಳು ಸಿಕ್ಕಿದ್ದವು, ಅವು ಮಕ್ಕಳ ಬಾಯಿಗೆ ಎಷ್ಟು ಬೇಗ ಹತ್ತಿದವು ಎಂಬುದನ್ನು ಕಂಡವರಿಗೆ ಗೊತ್ತು. ಮಗು ಸಾಹಸದ, ಭಯದ, ಬೆರಗಿನ ಮಾತುಗಳನ್ನು ಯಾವ ಭಾಷೆಯಲ್ಲಿ ಮೊದಲು ಕೇಳುತ್ತದೋ ಆ ಭಾಷೆಯಲ್ಲೇ ಕನಸು ಕಾಣುತ್ತದೆ. ಕನ್ನಡ ಕ್ಲಾಸಿನ ಭಾಷೆ, ಬೆರಗು ಬೇರೆ ಭಾಷೆಯದು ಎಂದಾದರೆ ಆಮೇಲೆ ಕನ್ನಡ ಉಳಿಸಿ ಎಂದು ಕೂಗಿ ಫಲವಿಲ್ಲ.

ರಜೆ ಮುಗಿಯುವ ಹಿಂದಿನ ರಾತ್ರಿ ಅಳಿಯನೂ ನಾನೂ ನನ್ನ ಆರು ವರ್ಷದ ಮಗಳನ್ನು ಕೂರಿಸಿಕೊಂಡು 1988ರ 'ತೊತೊರೊ' ನೋಡಿದೆವು. ಅವಳಿಗೆ ಇಂಗ್ಲಿಷ್ ಅಕ್ಷರ ಓದಲು ಬಾರದು. ಅವನೊಂದು ಸಲ, ನಾನೊಂದು ಸಲ ಕನ್ನಡದಲ್ಲಿ ಹೇಳುತ್ತಾ ಹೋದೆವು. ಮಳೆಯಲ್ಲಿ ಹುಡುಗಿಯರಿಬ್ಬರು ಅಪ್ಪನ ಬಸ್ಸಿಗೆ ಕಾಯುವ ಜಾಗ ಬಂತು. ಚಿಕ್ಕವಳು ಅಕ್ಕನ ಬೆನ್ನ ಮೇಲೆ ನಿದ್ದೆ ಹೋಗಿದ್ದಾಳೆ. ಪಕ್ಕದಲ್ಲಿ ಆ ದೊಡ್ಡ ಪ್ರಾಣಿ ಬಂದು ನಿಂತಿದೆ. ಕೊಡೆಯ ಮೇಲೆ ಹನಿ ಬೀಳುವ ಸದ್ದು ಬಿಟ್ಟರೆ ಏನೂ ಇಲ್ಲ. ಹೇಳಲು ನಮ್ಮ ಬಳಿಯೂ ಏನಿರಲಿಲ್ಲ. ಮಗಳು ಕಣ್ಣು ಕೀಳದೆ ನೋಡುತ್ತಿದ್ದಳು. 'ಅಲ್ಲಾಡೋದೇ ಇಲ್ವಲ್ಲ' ಎಂದು ಈ ಸಲ ಅಳಿಯ ಹೇಳಲಿಲ್ಲ.